ಹಕ್ಕಿಯ ಕಿವಿಗೆ ಎಷ್ಟು ಬೇಕು

ಬಸ್ಸು ಗುಂಡಿಗೆ ಇಳಿದಾಗಲೆಲ್ಲ ಜುಲ್ಮಿರಾಳ ಎದೆ ಧಸಕ್ಕೆನ್ನುತ್ತಿತ್ತು. ಮಡಿಲಲ್ಲಿ ಬಟ್ಟೆ ಮುಚ್ಚಿದ ಪಂಜರ. ಅದರೊಳಗೆ ಅಂಗೈಯಲ್ಲಿ ಅಡಗುವಷ್ಟು ಚಿಕ್ಕ ಕಂದು ಮರಿ. ಸರಳಿಗೆ ಕಟ್ಟಿದ ಪುಟ್ಟ ಸ್ಪೀಕರಿನಲ್ಲಿ ಆ ಮರಿಯ ಅಪ್ಪ ಹಾಡುತ್ತಿತ್ತು. ಅಪ್ಪ ಸತ್ತು ತಿಂಗಳುಗಳೇ ಆಗಿದ್ದವು. ಹಾಡು ಬರುತ್ತಿದ್ದುದು ಚೀಲದೊಳಗಿನ ಸಿ.ಡಿ. ಪ್ಲೇಯರಿನಿಂದ. ಚಕ್ರ ಕಲ್ಲು ಹತ್ತಿದರೆ ಸಾಕು, ಹಾಡು ತಡವರಿಸುತ್ತಿತ್ತು. ಒಂದೇ ಸ್ವರ ಮತ್ತೆ ಮತ್ತೆ, ಆಮೇಲೆ ಮೌನ, ಆಮೇಲೆ ಎಲ್ಲಿಂದಲೋ ಮುಂದಕ್ಕೆ ಒಂದು ಜಿಗಿತ.

ಅವಳು ಚೀಲವನ್ನು ಎರಡೂ ಕೈಯಲ್ಲಿ ಎತ್ತಿ ಗಾಳಿಯಲ್ಲಿ ಹಿಡಿದುಕೊಂಡಳು. ಪಕ್ಕದ ಸೀಟಿನ ಮುದುಕಿ, "ಮೊಟ್ಟೆ ಏನಮ್ಮಾ?" ಎಂದು ಕೇಳಿದಳು.

"ಅಲ್ಲ," ಎಂದಳು ಜುಲ್ಮಿರಾ. "ಮೊಟ್ಟೆಯಾಗಿದ್ದರೆ ಇಷ್ಟು ಭಯ ಇರ್ತಿರಲಿಲ್ಲ."

ಪೆರುಯಿಬೆ ಎಂಬ ಕಡಲತೀರದ ಊರಿನ ಪುರಸಭೆ ಗ್ರಂಥಾಲಯದಲ್ಲಿ ಅವಳು ಗ್ರಂಥಪಾಲಕಿ. ಗಂಡ ಆದೆಮಾರ್ ಸರಕು ಹಡಗಿನಲ್ಲಿ ಅಡುಗೆಯವನು. ಒಮ್ಮೆ ಹೊರಟರೆ ಬಂದರಿನಿಂದ ಬಂದರಿಗೆ ಸುತ್ತಿ ತಿಂಗಳುಗಟ್ಟಲೆ ಬರುತ್ತಿರಲಿಲ್ಲ. ದಡದಲ್ಲಿ ಅವನಿಗಿದ್ದ ಒಂದೇ ಹುಚ್ಚು ಕುರಿಯೋ ಹಕ್ಕಿ. ಬೆನ್ನು ಕಪ್ಪು, ಹೊಟ್ಟೆ ಸುಟ್ಟ ಇಟ್ಟಿಗೆಯ ಬಣ್ಣ, ಕೊರಳು ಮಾತ್ರ ದೇವರು ಬಿಡುವು ಮಾಡಿಕೊಂಡು ಕೂತು ಮಾಡಿದ್ದು. ಈ ಮರಿಯ ಅಪ್ಪ, ಆದೆಮಾರನ ಸೆರೇನು, ಆ ಕರಾವಳಿಯಲ್ಲೇ ಹೆಸರಾದ ಹಕ್ಕಿ. ಬೇರೆ ಕುರಿಯೋಗಳು ಒಂದು ಸುತ್ತು ಹಾಡಿ, ನಿಂತು, ಉಸಿರೆಳೆದು, ಇನ್ನೊಂದು ಸುತ್ತು ಹಾಡುತ್ತವೆ. ಸೆರೇನು ಕೊನೆಯ ಸ್ವರವನ್ನು ಮೊದಲ ಸ್ವರಕ್ಕೆ ಹೆಣೆದು, ಹಗ್ಗ ಹೊಸೆದ ಹಾಗೆ, ನಿಲ್ಲದೆ ಹಾಡುತ್ತಿತ್ತು. ಹಕ್ಕಿ ಹಾಡಿನ ಪಂದ್ಯಗಳಲ್ಲಿ ತೀರ್ಪುಗಾರರು ಪೆನ್ನು ಕೆಳಗಿಟ್ಟು ಸುಮ್ಮನೆ ಕೇಳುತ್ತಿದ್ದರಂತೆ. ಆ ಹಕ್ಕಿ ಸತ್ತಾಗ ಗೂಡಿನಲ್ಲಿ ಇನ್ನೂ ಒಡೆಯದ ಮೊಟ್ಟೆಗಳಿದ್ದವು. ಅವುಗಳಲ್ಲಿ ಗಂಡಾಗಿ ಉಳಿದದ್ದು ಈ ಒಂದೇ ಮರಿ.

ಗಂಡು ಮರಿ ಮೊದಲ ಕೆಲವು ತಿಂಗಳು ಏನು ಕೇಳುತ್ತದೋ ಅದನ್ನೇ ಕಲಿಯುತ್ತದೆ. ಮೈಯ ಕಂದು ಹೋಗಿ ಕಪ್ಪು ಬರುವ ಹೊತ್ತಿಗೆ ಕಿವಿಯ ಬಾಗಿಲು ಮುಚ್ಚಿಕೊಳ್ಳುತ್ತದೆ. ಅಷ್ಟರೊಳಗೆ ಹೋದದ್ದು, ಸರಿಯೋ ತಪ್ಪೋ, ಸಾಯುವವರೆಗೂ ಹಾಡು. ಹೊರಡುವ ದಿನ ಆದೆಮಾರ್ ಸೆರೇನುವಿನ ಸಿ.ಡಿ.ಯನ್ನು ಅವಳ ಕೈಗಿಟ್ಟು ಹೇಳಿದ್ದ: "ಇದನ್ನು ಬಿಟ್ಟು ಬೇರೇನೂ ಆ ಕಿವಿಗೆ ಬೀಳಬಾರದು. ನಾನು ಬರೋ ಹೊತ್ತಿಗೆ ಮಗ ಅಪ್ಪನ ಹಾಗೆ ಹಾಡಬೇಕು. ಹಾಡೋವರೆಗೂ ಹೆಸರಿಡಬೇಡ, ದೃಷ್ಟಿಯಾಗುತ್ತೆ."

ಅವನು ಹೋದ ವಾರವೇ ಪಕ್ಕದ ಮನೆಯವರು ಮಹಡಿ ಎಬ್ಬಿಸಲು ಶುರುಮಾಡಿದರು. ಬೆಳಗಾದರೆ ಸುತ್ತಿಗೆ, ಗಾರೆಯವರ ರೇಡಿಯೋ. ಹಗಲು ಮನೆಯಲ್ಲಿ ಯಾರೂ ಇಲ್ಲ. ಯೋಚಿಸಿ ಯೋಚಿಸಿ ತಲೆ ಬಿಸಿಯಾದ ಮೇಲೆ ಅವಳಿಗೆ ಹೊಳೆದದ್ದು ಗ್ರಂಥಾಲಯದ ಹಿಂಕೋಣೆ. ನೆಲದಿಂದ ಮಾಡಿನವರೆಗೆ ಹಳೆಯ ಪತ್ರಿಕೆಗಳ ಕಟ್ಟು ಒಟ್ಟಿದ ಆ ಕೋಣೆಯೊಳಗೆ ಕೆಮ್ಮಿದರೆ ಕೆಮ್ಮು ಅಲ್ಲೇ ಇಂಗಿಹೋಗುತ್ತಿತ್ತು. ಹೀಗೆ ಮರಿ ದಿನಾ ಬಸ್ಸು ಹತ್ತತೊಡಗಿತು. ದಾರಿಯಲ್ಲೂ ಅಪ್ಪನ ಹಾಡು ನಿಲ್ಲುವಂತಿರಲಿಲ್ಲ. ನಿಂತರೆ ಊರಿನ ಸದ್ದು ಒಳಗೆ ನುಗ್ಗುತ್ತಿತ್ತು.

ಬಸ್ಸಿನಲ್ಲಿ ಸಿ.ಡಿ. ಎಗರುವ ಸುದ್ದಿ ಕೇಳಿ ಒರೆಸ್ತೆಸ್ ತಲೆಯ ಮೇಲೆ ಕೈ ಹೊತ್ತುಕೊಂಡ. ಅವನು ಜುಲ್ಮಿರಾಳ ಮಗಳ ಧರ್ಮಪಿತ. ಅದಕ್ಕೇ ಅವನು ತಾಯಿಗೆ ಕೊಂಪಾದ್ರೆ, ತಾಯಿ ಅವನಿಗೆ ಕೊಮಾದ್ರೆ. ಎರಡು ಬೀದಿ ಆಚೆ ಅವನ ಮನೆ, ಮನೆತುಂಬ ಕುರಿಯೋಗಳು.

"ಕೊಮಾದ್ರೆ, ಮರಿ ತೊದಲು ಕಲಿಯುತ್ತೆ! ಮೊಂಗಾಗ್ವಾದಲ್ಲಿ ಒಬ್ಬನ ಮರಿ ಗ್ಯಾಸ್ ಲಾರಿಯ ಸಂಗೀತ ಕಲಿತುಬಿಡ್ತು, ಗೊತ್ತಾ? ಅದು ಹಾಡಿದಾಗಲೆಲ್ಲ ಬೀದಿ ಹೆಂಗಸರು ಖಾಲಿ ಸಿಲಿಂಡರ್ ಉರುಳಿಸಿಕೊಂಡು ಹೊರಗೆ ಬರ್ತಿದ್ದರು."

"ನಗಿಸಬೇಡಿ ಕೊಂಪಾದ್ರೆ, ನನಗೆ ನಿದ್ದೆ ಬರ್ತಿಲ್ಲ."

"ನಗೋಕೆ ಹೇಳಿದ್ದಲ್ಲ, ಹೆದರಲಿ ಅಂತ ಹೇಳಿದ್ದು."

ಈ ಮಾತೆಲ್ಲ ನಡೆದದ್ದು ಜುಲ್ಮಿರಾಳ ಮನೆಯ ಗೇಟಿನಾಚೆ. ಒಬ್ಬರ ಮರಿ ಕಲಿಯುವಾಗ ಇನ್ನೊಬ್ಬ ಸಾಕುವವನು ಹತ್ತಿರ ಬರುವ ಹಾಗಿಲ್ಲ. ತನ್ನ ಹಕ್ಕಿಗಳ ಜೊತೆ ದಿನವಿಡೀ ಸಿಳ್ಳೆ ಹಾಕುವ ಬಾಯಿ, ಮರೆತು ಇಲ್ಲೂ ಹಾಕೀತು ಎಂದು. ಒರೆಸ್ತೆಸ್ ಆ ಕಟ್ಟಳೆಯನ್ನು ಚಾಚೂ ತಪ್ಪದೆ ಪಾಲಿಸುತ್ತಿದ್ದ.

ದಾರಿ ತೋರಿಸಿದ್ದು ಮಗಳು ಇವೋನೆ. ಫೋಟೋ ಸ್ಟುಡಿಯೋದಲ್ಲಿ ಕಂಪ್ಯೂಟರ್ ಕೆಲಸ ಮಾಡುವ ಅವಳು ತನ್ನ ಕೊರಳಿನ ದಾರ ತೆಗೆದು ತಾಯಿಯ ಮುಂದಿಟ್ಟಳು. ದಾರದ ತುದಿಗೆ ಬೆಂಕಿಪೊಟ್ಟಣದಷ್ಟು ದೊಡ್ಡ ಪ್ಲೇಯರು.

"ಇದರಲ್ಲಿ ತಿರುಗೋ ತಟ್ಟೆಯೇ ಇಲ್ಲ ಅಮ್ಮ. ಬಸ್ಸು ಪಲ್ಟಿ ಹೊಡೆದರೂ ಹಾಡು ಎಗರಲ್ಲ."

"ಪಲ್ಟಿ ಮಾತು ಆಡಬೇಡ. ಸಿ.ಡಿ. ಪೂರ್ತಿ ಹಿಡಿಯುತ್ತಾ?"

"ಇದ್ದ ಹಾಗೇ ಹಾಕಿದ್ರೆ ಕೆಲವು ನಿಮಿಷ ಅಷ್ಟೇ. ಎಂಪಿಥ್ರೀಗೆ ಒತ್ತಿ ಹಾಕಿದ್ರೆ ಪೂರ್ತಿ ಕೂತುಬಿಡುತ್ತೆ. ಎಷ್ಟು ಒತ್ತಬೇಕು ಅಂತ ನೀನು ಹೇಳು. ಒಂದು ಸೆಕೆಂಡಿನ ಹಾಡಿಗೆ ಎಷ್ಟು ಜಾಗ ಕೊಡ್ತೀವಿ ಅನ್ನೋ ಲೆಕ್ಕ ಅದು, ಬಿಟ್ ರೇಟ್. ಜಾಸ್ತಿ ಕೊಟ್ರೆ ಚೆನ್ನಾಗಿರುತ್ತೆ, ಬೇಗ ತುಂಬುತ್ತೆ. ಕಮ್ಮಿ ಕೊಟ್ರೆ ತುಂಬಾ ಹಿಡಿಯುತ್ತೆ."

"ಒತ್ತಿದಾಗ ಏನು ಹೋಗುತ್ತೆ?"

"ಕಿವಿಗೆ ಹೇಗೂ ಕೇಳಿಸದೇ ಇರೋದು ಹೋಗುತ್ತೆ."

ಜುಲ್ಮಿರಾ ಈ ಮಾತನ್ನು ಹಾಗೇ ಒಯ್ದು ಒರೆಸ್ತೆಸ್‌ನ ಮುಂದಿಟ್ಟಳು. ಅವನು ಗೇಟಿನ ಸರಳು ಹಿಡಿದು ಬಾಗಿದ.

"ಯಾರ ಕಿವಿಗೆ?"

"ಅಂದ್ರೆ?"

"ಕೇಳಿಸದೇ ಇರೋದು ಹೋಗುತ್ತೆ ಅಂದಳಲ್ಲ ನನ್ನ ಧರ್ಮಪುತ್ರಿ. ಯಾರ ಕಿವಿಗೆ ಕೇಳಿಸದೇ ಇರೋದು? ನಿಮ್ಮ ಕಿವಿಗೆ, ನನ್ನ ಕಿವಿಗೆ. ಆ ಯಂತ್ರ ಮಾಡಿದೋರು ಕುರಿಯೋನ ಕೇಳಿದ್ರಾ? ಒತ್ತಬೇಡಿ ಕೊಮಾದ್ರೆ. ಇದ್ದದ್ದು ಇದ್ದ ಹಾಗೇ ಇರಲಿ."

ಆ ಪ್ರಶ್ನೆ ಅವಳ ತಲೆಯೊಳಗೆ ಹೊಕ್ಕು ಕೂತುಬಿಟ್ಟಿತು. ಪುಸ್ತಕದ ಪುಟ ಹರಿದರೆ ಕಣ್ಣಿಗೆ ಕಾಣುತ್ತದೆ. ಹಾಡಿನಿಂದ ಏನೋ ಹೋಗಿ, ಹೋದದ್ದು ತನಗೆ ತಿಳಿಯದೆ ಮರಿಗೆ ಮಾತ್ರ ತಿಳಿದರೆ? ತಿಳಿದದ್ದನ್ನು ಮರಿ ಹೇಳುವುದು ಹಾಡಿನಲ್ಲೇ, ಕಿವಿಯ ಬಾಗಿಲು ಮುಚ್ಚಿದ ಮೇಲೆ. ಅವಳು ಒಂದು ಭಾನುವಾರ ಮಗಳ ಕಂಪ್ಯೂಟರಿನ ಮುಂದೆ ಕೂತು, ಇಯರ್‌ಫೋನ್ ಕಿವಿಗೆ ಒತ್ತಿಕೊಂಡು, ಸಿ.ಡಿ.ಯನ್ನು ಮೊದಲಿನಿಂದ ಕೊನೆಯವರೆಗೆ ಕೇಳಿದಳು. ಅದರಲ್ಲಿ ಎಲ್ಲಕ್ಕಿಂತ ಸ್ವಚ್ಛವಾದ, ಗಾಳಿ ಸದ್ದಿಲ್ಲದ, ನಾಯಿ ಬೊಗಳದ ಒಂದು ಸುತ್ತನ್ನು ಆರಿಸಿದಳು. "ಇದೊಂದೇ ಸಾಕು. ಒತ್ತದೆ ಹಾಕು. ಇದೇ ತಿರುಗಿ ತಿರುಗಿ ಬರಲಿ," ಎಂದಳು.

"ಬರೀ ಒಂದೇ?"

"ಒಂದೇ, ಆದರೆ ಪೂರ್ತಿ."

ತಾನು ಇಷ್ಟು ಜಾಗರೂಕತೆಯಿಂದ ಯಾವ ಕೆಲಸವನ್ನೂ ಮಾಡಿಲ್ಲವೆಂದು ಅವಳಿಗೆ ಅನ್ನಿಸಿತು. ಆ ರಾತ್ರಿ ನಿದ್ದೆಯೂ ಬಂತು.

ಬೇಸಿಗೆ ಕಳೆಯಿತು. ಕಾರ್ನವಾಲ್ ಹಬ್ಬದ ಡೋಲುಗಳಿಗೆ ಹೆದರಿ ಅವಳು ರಜೆಯಲ್ಲೂ ಗ್ರಂಥಾಲಯದ ಬೀಗ ತೆಗೆಸಿ ಹಿಂಕೋಣೆಯಲ್ಲಿ ಕೂತಳು. ಕಿಟಕಿಯ ಹೊರಗೆ ಬೆಂತೆವಿ ಹಕ್ಕಿ ತನ್ನ ಹೆಸರನ್ನೇ ಕೂಗಿದರೆ ಎದ್ದು ಚಪ್ಪಾಳೆ ತಟ್ಟಿ ಓಡಿಸಿದಳು. ಓದುಗರು ತಿರುಗಿ ನೋಡಿದರು. ಮರಿ ಮೊದಮೊದಲು ಗಂಟಲಲ್ಲೇ ಗೊಣಗುತ್ತಿತ್ತು, ಎಳೆಕೂಸು ತೊಟ್ಟಿಲಲ್ಲಿ ತನಗೆ ತಾನೇ ಮಾತಾಡಿಕೊಳ್ಳುವ ಹಾಗೆ. ಆಮೇಲೆ ಗೊಣಗಿನೊಳಗಿಂದ ಒಂದೊಂದೇ ಸ್ವರ ತಲೆಯೆತ್ತಿತು. ಶುದ್ಧ ಸ್ವರ. ಗ್ಯಾಸ್ ಲಾರಿ ಇಲ್ಲ, ಬೆಂತೆವಿ ಇಲ್ಲ, ತೊದಲೂ ಇಲ್ಲ. ಜುಲ್ಮಿರಾ ಪತ್ರಿಕೆಯ ಕಟ್ಟಿಗೆ ಒರಗಿ ಕಣ್ಣೊರೆಸಿಕೊಂಡಳು. ಮರಿ ಒಂದು ಸುತ್ತು ಹಾಡಿ ನಿಲ್ಲುತ್ತಿತ್ತು. ಎಳೆಯದು, ದಮ್ಮು ಸಾಲದು ಎಂದುಕೊಂಡಳು.

ಈಸ್ಟರ್ ಕಳೆದ ಮೇಲೆ ಒಂದು ಸಂಜೆ ಫೋನು ಬಂತು. ಆದೆಮಾರ್ ಬೆಲೆಂ ಬಂದರಿನ ಕಾರ್ಡ್ ಫೋನಿನಿಂದ ಕೂಗುತ್ತಿದ್ದ.

"ಇಲ್ಲಿ ಮಳೆ ಅಂದ್ರೆ ಮಳೆ! ಮಗ ಬಾಯಿ ಬಿಟ್ಟನಾ?"

"ಬಿಟ್ಟಿದ್ದಾನೆ. ಸ್ವರ ಚೆನ್ನಾಗಿದೆ ಅಂತ ಕಾಣುತ್ತೆ. ಅಂದ್ರೆ, ನನಗೆ ತಿಳಿದಷ್ಟು. ನಿನ್ನ ಹಾಗೆ ನಾನೇನು..."

"ಮಾರಾಯ್ತಿ, ಮುನ್ನುಡಿ ಸಾಕು, ಕಾರ್ಡು ಮುಗಿಯುತ್ತೆ. ಫೋನು ಪಂಜರದ ಹತ್ತಿರ ಹಿಡಿ."

ಅವಳು ತಂತಿ ಎಳೆದಷ್ಟೂ ಎಳೆದು ರಿಸೀವರನ್ನು ಪಂಜರಕ್ಕೆ ತಾಗಿಸಿದಳು. ಮರಿ ಕತ್ತು ಓರೆ ಮಾಡಿ ನೋಡಿತು. ಆಮೇಲೆ ಹಾಡಿತು. ಒಂದು ಸುತ್ತು, ತುಂಬುಗೊರಳಲ್ಲಿ. ನಿಂತಿತು.

"ಹಲೋ?" ಎಂದಿತು ರಿಸೀವರು. "ಹಲೋ, ಜುಲ್ಮಿರಾ? ಲೈನು ಹೋಯ್ತಾ?"

ಮರಿ ಮತ್ತೆ ಹಾಡಿತು.

"ಹಾಂ, ಬಂತು ಬಂತು. ಅಬ್ಬಾ, ಎಂಥಾ ಕೊರಳು! ಥೇಟ್ ಅಪ್ಪನದೇ... ಹಲೋ? ಹಲೋ? ಥೂ, ಮತ್ತೆ ಹೋಯ್ತು."

ಜುಲ್ಮಿರಾಳಿಗೆ ಆಗ ಹೊಳೆಯಿತು. ಲೈನು ಎಲ್ಲೂ ಹೋಗಿರಲಿಲ್ಲ. ಮರಿ ನಿಲ್ಲುತ್ತಿದ್ದುದು ದಮ್ಮು ಸಾಲದೆಯೂ ಅಲ್ಲ. ಪ್ರತಿ ಸಲ ಒಂದೇ ಜಾಗ, ಒಂದೇ ಅಳತೆಯ ಮೌನ. ಆ ಅಳತೆ ಅವಳಿಗೆ ಗೊತ್ತಿತ್ತು. ಅದು ಪ್ಲೇಯರು ಹಾಡಿನ ಕೊನೆ ಮುಟ್ಟಿ, ತಿರುಗಿ ಮೊದಲಿಗೆ ಬರಲು ತೆಗೆದುಕೊಳ್ಳುತ್ತಿದ್ದ ಚಿಕ್ಕ ಬಿಡುವು. ದಿನವಿಡೀ, ತಿಂಗಳುಗಟ್ಟಲೆ, ಅವಳು ಮರಿಗೆ ಆ ಬಿಡುವನ್ನೂ ಕೇಳಿಸಿದ್ದಳು. ಸೆರೇನು ಎಂದೂ ನಿಲ್ಲದಿದ್ದ ಜಾಗದಲ್ಲಿ ಸೆರೇನುವಿನ ಮಗ ನಿಲ್ಲುತ್ತಿತ್ತು.

"ಜುಲ್ಮಿರಾ, ಕೇಳಿಸ್ತಿದೆಯಾ?"

"ಕೇಳಿಸ್ತಿದೆ," ಎಂದಳು ಅವಳು ರಿಸೀವರನ್ನು ಬಾಯಿಗೆ ತಂದು. "ಲೈನು ಸರಿಯಿಲ್ಲ. ಮಳೆ ಅಲ್ವಾ."

ಫೋನು ಇಟ್ಟ ಮೇಲೂ ಅವಳ ಕೈ ಅದರ ಮೇಲೇ ಇತ್ತು.

ಮರುದಿನ ಅವಳು ಗೇಟಿನ ಬಳಿ ನಿಂತು ಒರೆಸ್ತೆಸ್‌ಗೆ ಎಲ್ಲವನ್ನೂ ಹೇಳಿದಳು. ಅವನು ಸಿಟ್ಟಾಗಲಿಲ್ಲ. ಅದು ಇನ್ನೂ ಕಷ್ಟವಾಯಿತು.

"ಒಂದೇ ಸುತ್ತಾ?" ಎಂದ.

"ಎಲ್ಲಕ್ಕಿಂತ ಒಳ್ಳೇ ಸುತ್ತು."

"ಕೊಮಾದ್ರೆ, ಸೆರೇನು ಅಂದ್ರೆ ಸುತ್ತಲ್ಲ. ಸುತ್ತು ಎಲ್ಲ ಹಕ್ಕೀನೂ ಹಾಡುತ್ತೆ. ಸುತ್ತಿಗೆ ಸುತ್ತು ಸೇರೋ ಗಂಟಿದೆಯಲ್ಲ, ಅದು ಸೆರೇನು. ನೀವು ಆ ಗಂಟನ್ನೇ ಕತ್ತರಿಸಿ ಬಿಸಾಕಿದ್ದೀರಿ."

"ಒತ್ತಬೇಡಿ ಅಂದೋರು ನೀವು."

"ಒತ್ತಬೇಡಿ ಅಂದೆ. ಕತ್ತರಿಸಿ ಅಂದೆನಾ?"

ಆಮೇಲೆ ಒರೆಸ್ತೆಸ್, ದನಿ ತಗ್ಗಿಸಿ, "ಕಪ್ಪು ಬಂತಾ?" ಎಂದು ಕೇಳಿದ.

"ಕೊಕ್ಕಿನ ಕೆಳಗೆ ಒಂದೆರಡು ಗರಿ. ಎದೆ ಇನ್ನೂ ಕಂದು."

"ಹಾಗಾದ್ರೆ ಬಾಗಿಲಲ್ಲಿ ಇನ್ನೂ ಸಂದಿದೆ. ಆಗುತ್ತೋ ಇಲ್ವೋ ನಾನು ಹೇಳಲಾರೆ. ಸೆರೇನು ನಿಲ್ಲದೆ ಹಾಡಿದ ಒಂದು ಉದ್ದ ಓಟ ಆ ಸಿ.ಡಿ.ಯಲ್ಲಿದೆ. ಅದು ಬೇಕು, ಇಡಿಯಾಗಿ."

ಅಷ್ಟು ಉದ್ದದ ಓಟ ಪ್ಲೇಯರಿನಲ್ಲಿ ಇಡಿಯಾಗಿ ಹಿಡಿಯಬೇಕೆಂದರೆ ಒತ್ತಲೇಬೇಕು. ತಪ್ಪಿಸಿಕೊಂಡು ಬಂದಿದ್ದ ಪ್ರಶ್ನೆ ಮತ್ತೆ ಬಾಗಿಲಲ್ಲಿ ನಿಂತಿತು. ಇವೋನೆ ಅದೇ ಓಟವನ್ನು ಮೂರು ಅಳತೆಯಲ್ಲಿ ಒತ್ತಿಕೊಟ್ಟಳು: ಅರವತ್ನಾಲ್ಕು, ನೂರಾ ಇಪ್ಪತ್ತೆಂಟು, ನೂರಾ ತೊಂಬತ್ತೆರಡು. ಜುಲ್ಮಿರಾ ಬಸ್ಸಿನಲ್ಲಿ ಕೇಳಿದಳು, ಅಡುಗೆಮನೆಯಲ್ಲಿ ಕೇಳಿದಳು, ತಲೆಗೆ ದಿಂಬು ಮುಚ್ಚಿಕೊಂಡು ಕೇಳಿದಳು. ಮೊದಲನೆಯದರಲ್ಲಿ ಎತ್ತರದ ಸ್ವರಗಳು ನೀರಿನಡಿಯಿಂದ ಬಂದ ಹಾಗಿದ್ದವು, ಅದು ಅವಳಿಗೂ ತಿಳಿಯಿತು. ಉಳಿದೆರಡರಲ್ಲಿ ಯಾವುದು ಯಾವುದೆಂದು ಮಗಳು ಮರೆಮಾಡಿ ಕೇಳಿದಾಗ ಒಮ್ಮೆ ಸರಿ ಹೇಳಿದಳು, ಒಮ್ಮೆ ತಪ್ಪು ಹೇಳಿದಳು. ತನ್ನ ಕಿವಿಯ ಮೇಲೇ ಅವಳಿಗೆ ಭಯ ಹುಟ್ಟಿತು.

"ದೊಡ್ಡದನ್ನೇ ಹಾಕಿಬಿಡೋಣ ಅಮ್ಮ. ಉದ್ದ ಓಟ ಒಂದೇ ತಾನೆ, ಹಿಡಿಯುತ್ತೆ."

"ಅದೂ ಸಾಲದಿದ್ದರೆ? ಈ ಸಲ ತಪ್ಪಿದರೆ ಮತ್ತೆ ಅವಕಾಶ ಇಲ್ಲ ಕಣೇ."

ಕೊನೆಗೆ ಅವಳೇ ಒಂದು ಮಾತು ಹೇಳಿದಳು, ಹೇಳಿದ ಮೇಲೆ ತನಗೇ ಆಶ್ಚರ್ಯವಾಗುವಂಥದ್ದು: "ಹಕ್ಕಿಯ ಕಿವಿಗೆ ಎಷ್ಟು ಸಾಕು ಅಂತ ಹಕ್ಕೀನೇ ಕೇಳೋಣ."

ಒರೆಸ್ತೆಸ್‌ನ ಮನೆಯಲ್ಲಿ ತೆನೆಂತೆ ಎಂಬ ಮುದಿ ಕುರಿಯೋ ಇತ್ತು. ತನ್ನ ಅಂಗಳದಲ್ಲಿ ಬೇರೆ ಗಂಡಿನ ದನಿ ಕೇಳಿದರೆ ಪಂಜರ ಮುರಿಯುವಷ್ಟು ಸಿಟ್ಟು ಅದಕ್ಕೆ. ಸೆರೇನುವಿನ ಜೊತೆ ಹಳೆಯ ಹಗೆ ಬೇರೆ. ಸ್ಪೀಕರನ್ನು ಮಾವಿನ ಮರದ ಹಿಂದೆ ಇಟ್ಟು ತಾಯಿ, ಮಗಳು, ಒರೆಸ್ತೆಸ್ ಮೂವರೂ ಉಸಿರು ಬಿಗಿಹಿಡಿದು ನಿಂತರು. ಅರವತ್ನಾಲ್ಕು ಹಾಡಿತು. ತೆನೆಂತೆ ಒಮ್ಮೆ ತಲೆ ಎತ್ತಿ, ಮತ್ತೆ ಕಾಳು ಒಡೆಯತೊಡಗಿತು.

"ರೇಡಿಯೋ ಅಂದ್ಕೊಂಡ," ಎಂದು ಒರೆಸ್ತೆಸ್ ಪಿಸುಗುಟ್ಟಿದ.

ನೂರಾ ಇಪ್ಪತ್ತೆಂಟು ಹಾಡಿತು. ತೆನೆಂತೆ ಕಾಳು ಬಿಟ್ಟು, ಕೋಲಿನ ತುದಿಗೆ ಬಂದು, ಗರಿ ಉಬ್ಬಿಸಿತು. ಹಾಡಲಿಲ್ಲ. ಅನುಮಾನದಿಂದ ಅತ್ತಿತ್ತ ನೋಡಿತು, ಅಷ್ಟೇ. ಸ್ವಲ್ಪ ಹೊತ್ತು ಬಿಟ್ಟು ಮೂರನೆಯದನ್ನು ಹಾಕಿದರು. ಮೊದಲ ಸ್ವರ ಬೀಳುತ್ತಿದ್ದಂತೆ ಮುದಿಹಕ್ಕಿ ಸರಳಿಗೆ ಹಾರಿ ಅಪ್ಪಳಿಸಿ, ರೆಕ್ಕೆ ಬಿಚ್ಚಿ, ಮೈಯೆಲ್ಲ ಕೊರಳಾಗಿ ಎದುರುತ್ತರ ಕೊಟ್ಟಿತು.

"ನೋಡಿದ್ರಾ ಬೈತಿರೋದನ್ನ!" ಎಂದ ಒರೆಸ್ತೆಸ್. ಅವನ ಕಣ್ಣು ಒದ್ದೆಯಾಗಿತ್ತು. "ಸತ್ತವನನ್ನೂ ಬಿಡಲ್ಲ ನನ್ಮಗ."

ಮೂರನೆಯದನ್ನೇ ಆರಿಸಿದರು. ಜುಲ್ಮಿರಾ ಒಂದು ಷರತ್ತು ಹಾಕಿದಳು. ಓಟ ಮುಗಿದ ಮೇಲೆ ಉದ್ದನೆಯ ಮೌನವನ್ನೂ ಮಗಳು ಅದೇ ಫೈಲಿನಲ್ಲಿ ಸೇರಿಸಬೇಕು. ಪ್ಲೇಯರಿನ ಬಿಡುವು ಆ ಮೌನದೊಳಗೆ ಬಿದ್ದು ಮುಳುಗಿಹೋಗಲಿ, ಹಾಡಿನ ನಡುವೆ ಮಾತ್ರ ಬೇಡ.

ಮತ್ತೆ ಬಸ್ಸು, ಮತ್ತೆ ಹಿಂಕೋಣೆ. ಸ್ಪೀಕರಿನಲ್ಲಿ ಅಪ್ಪ ನಿಲ್ಲದೆ ಹಾಡಿತು. ಮಗ ಕತ್ತು ಓರೆ ಮಾಡಿ ಕೇಳಿ, ತಾನು ಹಾಡುವಾಗ ಒಂದು ಸುತ್ತಿಗೇ ನಿಂತಿತು. ಮರುದಿನವೂ ನಿಂತಿತು. ಜುಲ್ಮಿರಾ ಕಪ್ಪು ಗರಿಗಳನ್ನು ನೋಡಲೆಂದು ಬಟ್ಟೆ ಎತ್ತುವಳು, ನೋಡಲಾರದೆ ಇಳಿಸುವಳು. ಕಪ್ಪು ಕೊರಳಿಗೆ ಇಳಿಯಿತು, ಬೆನ್ನಿಗೆ ಹರಡಿತು. ಒಮ್ಮೆ ಎರಡು ಸುತ್ತು ಸೇರಿದ ಹಾಗೆ ಕೇಳಿಸಿತು. ಹೊರಗೆ ಯಾರೋ ಕುರ್ಚಿ ಎಳೆದ ಸದ್ದಿನಲ್ಲಿ ಅದು ನಿಜವೋ ಭ್ರಮೆಯೋ ತಿಳಿಯಲಿಲ್ಲ. ಅಷ್ಟರಲ್ಲಿ ಗರಿ ಉದುರುವ ಕಾಲ ಬಂತು, ಮರಿ ಹಾಡುವುದನ್ನೇ ನಿಲ್ಲಿಸಿತು. ಗರಿ ಬದಲಿಸುವ ಹಕ್ಕಿ ಹಾಡುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಒಳಗೆ ಏನು ಉಳಿದಿದೆ, ಏನು ಮುಚ್ಚಿಹೋಗಿದೆ ಎಂಬುದನ್ನು ಮಾತ್ರ ಯಾರೂ ಹೇಳುವಂತಿರಲಿಲ್ಲ. ವಾರಗಟ್ಟಲೆ ಅವಳು ಒಂದು ಮೂಕ ಹಕ್ಕಿಯನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಓಡಾಡಿದಳು. ಆದೆಮಾರ್ ಫೋನು ಮಾಡಿದಾಗಲೆಲ್ಲ, "ಗರಿ ಬದಲಿಸ್ತಿದೆ," ಎನ್ನುತ್ತಿದ್ದಳು. ಅದು ಸುಳ್ಳಲ್ಲವೆಂಬ ಸಮಾಧಾನ ಇಷ್ಟೇ ಇಷ್ಟು ಇತ್ತು.

ಆ ಕರಾವಳಿಗೆ ಜೂನ್ ಎಂದರೆ ಚಳಿಗಾಲ; ಜೂನ್ ಹಬ್ಬದ ಆ ಚಳಿಯಲ್ಲಿ ಆದೆಮಾರ್ ಬಂದ. ಚೀಲ ನಡುಮನೆಯಲ್ಲೇ ಬಿಟ್ಟು ನೇರ ಪಂಜರದ ಮುಂದೆ ಹೋಗಿ ನಿಂತ. ಕಂದು ಮರಿ ಇರಲಿಲ್ಲ. ಕರಿಬೆನ್ನಿನ, ಇಟ್ಟಿಗೆ ಹೊಟ್ಟೆಯ ಸೆರೇನುವೇ ಕೂತ ಹಾಗಿತ್ತು. ಅವನು ಹೆಂಡತಿಯ ಭುಜ ಅದುಮಿದ.

ಮರುದಿನ ಬೆಳಿಗ್ಗೆ ಪಂಜರವನ್ನು ಹಿತ್ತಲ ಜಗಲಿಯ ಮೊಳೆಗೆ ತೂಗುಹಾಕಿದರು. ಮರಿ ಕಪ್ಪಾದ ಮೇಲೆ ಕಟ್ಟಳೆ ಮುಗಿದಂತೆ. ಮರಿ ಕಲಿಯತೊಡಗಿದ ಮೇಲೆ ಒರೆಸ್ತೆಸ್ ಮೊದಲ ಸಲ ಗೇಟು ದಾಟಿ ಒಳಗೆ ಬಂದ, ಟೋಪಿಯನ್ನು ಮಂಡಿಯ ಮೇಲಿಟ್ಟು ಕೂತ. ಮೇಜಿನ ಮೇಲೆ ಕಾಫಿ, ಮೆಕ್ಕೆಜೋಳದ ಕೇಕು. ಯಾರೂ ಮುಟ್ಟಲಿಲ್ಲ. ಬಿಸಿಲು ಪಂಜರಕ್ಕೆ ತಾಗಿತು. ಹಕ್ಕಿ ರೆಕ್ಕೆ ಕೆದರಿ ನೇವರಿಸಿಕೊಂಡಿತು, ಕೊಕ್ಕನ್ನು ಕೋಲಿಗೆ ಉಜ್ಜಿತು. ಜುಲ್ಮಿರಾ ಬಾಗಿಲ ಚೌಕಟ್ಟಿಗೆ ಒರಗಿ, ತಣಿದುಹೋದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು.

ಹಕ್ಕಿ ಹಾಡಿತು. ಒಂದು ಸುತ್ತು, ಸ್ವಚ್ಛ, ತುಂಬು.

ನಿಂತಿತು.

"ಹಲೋ?" ಎಂದ ಆದೆಮಾರ್.

ಅದು ಅವನಿಗೆ ಗೊತ್ತಿಲ್ಲದೆ ಬಾಯಿಂದ ಬಿದ್ದ ಮಾತು. ಬಿದ್ದ ಮೇಲೆ ಅವನೇ ಅದನ್ನು ಕೇಳಿಸಿಕೊಂಡ. ಬೆಲೆಂ ಬಂದರಿನ ಫೋನು, ಮಳೆ, ಹೋಗಿ ಬಂದು ಮಾಡಿದ ಹಾಡು. ಅವನು ನಿಧಾನವಾಗಿ ಕುರ್ಚಿಯಲ್ಲೇ ಹೊರಳಿ ಹೆಂಡತಿಯನ್ನು ನೋಡಿದ. ಅವಳು ಕಣ್ಣು ತಪ್ಪಿಸಲಿಲ್ಲ.

ಅಷ್ಟರಲ್ಲಿ ಹಕ್ಕಿ ಎರಡನೆಯ ಸುತ್ತು ಎತ್ತಿತು. ಸುತ್ತಿನ ಕೊನೆ ಬಂತು. ಜುಲ್ಮಿರಾಳ ಬೆರಳು ಲೋಟಕ್ಕೆ ಬಿಗಿಯಿತು. ಕೊನೆಯ ಸ್ವರ ಇಳಿಯುತ್ತ ಇಳಿಯುತ್ತ ಹೊರಳಿ ಮೊದಲ ಸ್ವರವನ್ನು ಹಿಡಿಯಿತು, ಮೂರನೆಯ ಸುತ್ತು ತಾನಾಗಿ ಹರಿಯಿತು, ಅದರ ಬಾಲ ಹಿಡಿದು ಇನ್ನೊಂದು. ಬೆರಳು ಮಡಚಿ ಎಣಿಸುತ್ತಿದ್ದ ಒರೆಸ್ತೆಸ್ ಎಣಿಕೆ ಬಿಟ್ಟು ಟೋಪಿಯನ್ನು ಎದೆಗೆ ಒತ್ತಿಕೊಂಡ.

"ಮೊದಲಲ್ಲಿ ಒಂದು ಎಡವು ಇದ್ದೇ ಇದೆ," ಎಂದ, ತಡೆಯಲಾರದೆ. "ಪಂದ್ಯದಲ್ಲಿ ಅದಕ್ಕೆ ಅಂಕ ಕಳೀತಾರೆ."

"ಸುಮ್ನಿರಯ್ಯ," ಎಂದ ಆದೆಮಾರ್. ಅವನು ಹಕ್ಕಿಯ ಕಡೆ ನೋಡುತ್ತಲೇ ಇರಲಿಲ್ಲ. "ಲೈನು ಸರಿಯಾಗೇ ಇತ್ತು, ಅಲ್ವಾ?"

"ಸರಿಯಾಗೇ ಇತ್ತು," ಎಂದಳು ಜುಲ್ಮಿರಾ.

ಹಕ್ಕಿ ಹಾಡುತ್ತಲೇ ಇತ್ತು. ಆದೆಮಾರ್ ಪಕ್ಕದ ಕುರ್ಚಿಯನ್ನು ಕಾಲಿನಿಂದ ಅವಳ ಕಡೆಗೆ ತಳ್ಳಿದ.

"ಕೂತ್ಕೋ. ಮೊದಲಿಂದ ಹೇಳು. ಅವನು ನಿಲ್ಲಿಸೋ ಹಾಗೆ ಕಾಣಲ್ಲ, ಬೇಕಾದಷ್ಟು ಹೊತ್ತಿದೆ."